ಮೊಲದ ಮರಿ ತರುವ ಮುಂಚೆ ಮನೆಗೆ ಹುಲ್ಲು ತನ್ನಿ

ಹೋದ ವರ್ಷ ಸಂಕ್ರಾಂತಿಗೆ ಎರಡು ದಿನ ಇರುವಾಗ ಮನೆಗೆ ಎರಡು ಮೊಲದ ಮರಿ ತಂದೆವು. ಒಂದು ಬಿಳಿ ಮೈ ಮೇಲೆ ಕಪ್ಪು ಚುಕ್ಕೆ ಇದ್ದದ್ದು, ಇನ್ನೊಂದು ಕಂದು. ಹಬ್ಬದ ಗಡಿಬಿಡಿಯಲ್ಲಿ ಮಗಳು ಎಳ್ಳು, ಬೆಲ್ಲ ಅಂತಲೇ ಹೆಸರಿಟ್ಟಳು. ಆರನೇ ದಿನಕ್ಕೆ ಬೆಲ್ಲ ಇರಲಿಲ್ಲ. ಬೆಕ್ಕು ಹಿಡಿಯಲಿಲ್ಲ, ಬಾಲ್ಕನಿಯಿಂದ ಬೀಳಲಿಲ್ಲ. ನಾವೇ ಮುದ್ದು ಮಾಡಿ ತಿನ್ನಿಸಿ ತಿನ್ನಿಸಿ ಸಾಯಿಸಿದೆವು. ಮಕ್ಕಳ ಹಟಕ್ಕೆ ಮೊಲ ತರಲು ಹೊರಟವರು ಒಂದು ಸಲ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನಾವಿರುವುದು ಮೈಸೂರಿನಲ್ಲಿ. ಮರಿ ಕೊಂಡ ಅಂಗಡಿಯ ಹೆಸರು ಬೇಡ, ಇಂಥ ಅಂಗಡಿ ಎಲ್ಲ ಊರಲ್ಲೂ ಇರುತ್ತವೆ. "ಎರಡು ತಿಂಗಳ ಮರಿ ಸಾರ್, ಏನು ಕೊಟ್ರೂ ತಿನ್ನುತ್ತೆ" ಅಂದರು. ಅಂಗೈಯಲ್ಲಿ ಕೂರುವಷ್ಟಿದ್ದವು. ಚಿಕ್ಕದಿದ್ದಷ್ಟೂ ಬೇಗ ಹೊಂದಿಕೊಳ್ಳುತ್ತವೆ ಅಂದುಕೊಂಡು ನಾವೂ ಖುಷಿಪಟ್ಟೆವು. ಊಟಕ್ಕೆ ಏನು ಅಂತ ಕೇಳಿದೆ. ಕ್ಯಾರೆಟ್, ಎಲೆಕೋಸು, ಹಾಲಿನಲ್ಲಿ ನೆನೆಸಿದ ಬ್ರೆಡ್. ಜೊತೆಗೆ ಒಂದು ಬಣ್ಣಬಣ್ಣದ ಕಾಳಿನ ಪೊಟ್ಟಣ ಕೈಗಿಟ್ಟರು. ಜೋಳ, ಸೂರ್ಯಕಾಂತಿ ಬೀಜ, ಒಣ ಬಟಾಣಿ, ಕೆಂಪು ಹಸಿರು ಚೂರುಗಳು. ಕೊನೆಗೆ ಒಂದು ಮಾತು: "ನೀರು ಮಾತ್ರ ಇಡಬೇಡಿ. ನೀರು ಕುಡಿದರೆ ಮೊಲ ಸತ್ತುಹೋಗುತ್ತೆ."

ಈ ನೀರಿನ ಮಾತನ್ನು ನೀವೂ ಕೇಳಿರುತ್ತೀರಿ. ಶುದ್ಧ ಸುಳ್ಳು. ಅದರ ಮೈತೂಕಕ್ಕೆ ಹೋಲಿಸಿದರೆ ಮೊಲ ಸಾಕಷ್ಟು ನೀರು ಕುಡಿಯುತ್ತದೆ. ಅಗಲ ಬಾಯಿಯ ಭಾರದ ಬಟ್ಟಲಿನಲ್ಲಿ ಹಗಲೂ ರಾತ್ರಿ ನೀರು ಇರಬೇಕು. ನಾವು ಎರಡೂವರೆ ದಿನ ಒಂದು ತೊಟ್ಟೂ ಇಡಲಿಲ್ಲ.

ಹೆಂಡತಿ ಮೊದಲ ದಿನವೇ ಕೇಳಿದ್ದಳು, "ಹುಲ್ಲು ತಿನ್ನೋ ಪ್ರಾಣಿಗೆ ಬ್ರೆಡ್ ಯಾಕೆ?" ಅಂತ. ಅವಳ ಅಜ್ಜಿ ಮನೆಯಲ್ಲಿ ದನ ಇದ್ದವು, ಅವಳಿಗೆ ಗೊತ್ತಾಗುತ್ತದೆ. ನನಗೆ ಮಾತ್ರ ಅಂಗಡಿಯವರು ಹೇಳಿದ್ದೇ ವೇದವಾಗಿತ್ತು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ, ಆ ಗಾದೆ ನನ್ನನ್ನು ನೋಡಿಯೇ ಕಟ್ಟಿದ್ದಿರಬೇಕು.

ಮೇಲೆ ಹಬ್ಬ ಬೇರೆ. ಎಳ್ಳು ಬೀರಲು ಬಂದವರೆಲ್ಲ ಮರಿಗಳ ಮುಂದೆ ಕೂತು ಏನಾದರೂ ಬಾಯಿಗೆ ಹಿಡಿದರು. ಬಾಳೆಹಣ್ಣಿನ ಚೂರು, ಕಬ್ಬಿನ ತುಂಡು, ಒಣಕೊಬ್ಬರಿ. ಅವರೆಕಾಯಿ ಕಾಲ, ಯಾರೋ ಹಸಿ ಅವರೆಕಾಳೂ ಹಾಕಿದ್ದರು. ಬೆಲ್ಲ ಹೊಟ್ಟೆಬಾಕ. ಬಾಳೆಹಣ್ಣಿನ ವಾಸನೆಗೇ ಹಿಂಗಾಲ ಮೇಲೆ ನಿಲ್ಲುತ್ತಿತ್ತು. ಎಲ್ಲರೂ ವಿಡಿಯೋ ಮಾಡಿಕೊಂಡರು. ಈಗ ಆ ವಿಡಿಯೋ ನೋಡಿದರೆ ಹೊಟ್ಟೆ ಕಿವುಚುತ್ತದೆ.

ಮೂರನೇ ದಿನ ಹಿಕ್ಕೆ ಮೆತ್ತಗಾಯಿತು. ಒಂದಕ್ಕೊಂದು ಅಂಟಿಕೊಂಡು ಬೀಳುತ್ತಿತ್ತು. ಹಾಲು ಜಾಸ್ತಿ ಆಯ್ತೇನೋ ಅಂತ ಹಾಲು ನಿಲ್ಲಿಸಿ, ನೀರಿನ ಬಟ್ಟಲು ಇಟ್ಟೆವು. ನಾಲ್ಕನೇ ದಿನ ಬೆಲ್ಲನ ಹಿಂಭಾಗವೆಲ್ಲ ಒದ್ದೆ, ಕೆಟ್ಟ ವಾಸನೆ. ಆಗಲಾದರೂ ಪಶುವೈದ್ಯರ ಹತ್ತಿರ ಓಡಬೇಕಿತ್ತು. ನಾನು ಮಾಡಿದ್ದೇನು ಗೊತ್ತಾ? ಮಗಳಿಗೆ ಕೆಮ್ಮು ಬಂದಾಗ ತಂದಿದ್ದ ಅಮಾಕ್ಸಿಸಿಲಿನ್ ಸಿರಪ್ ಫ್ರಿಜ್ಜಿನಲ್ಲಿ ಉಳಿದಿತ್ತು. "ಮಕ್ಕಳಿಗೇ ಕೊಡ್ತಾರೆ, ನಾಲ್ಕು ಹನಿ ಹಾಕು, ಏನೂ ಆಗಲ್ಲ" ಅಂತ ನೆಂಟರೊಬ್ಬರು ಫೋನಿನಲ್ಲಿ ಹೇಳಿದರು. ಸಂಜೆ ಒಂದು ಸಲ, ಮಾರನೇ ಬೆಳಗ್ಗೆ ಒಂದು ಸಲ ಹಾಕಿದೆ.

ಐದನೇ ದಿನ ರಾತ್ರಿ ಬೆಲ್ಲ ಬಾಳೆಹಣ್ಣನ್ನೂ ಮೂಸಲಿಲ್ಲ. ಮೂಲೆಯಲ್ಲಿ ಮುದುರಿಕೊಂಡು ಕೂತು ಹಲ್ಲು ಕಡಿಯುತ್ತಿತ್ತು. ಕಟಕಟ ಅಂತ ಸಣ್ಣ ಸದ್ದು. ಚಳಿಗಿರಬೇಕು ಅಂತ ಒಂದು ಟವೆಲ್ ಹಾಸಿ ಮಲಗಿದೆವು. ನೋವಿಗೆ ಮೊಲ ಹಾಗೆ ಹಲ್ಲು ಕಡಿಯುತ್ತದೆ ಅಂತ ಗೊತ್ತಾಗಿದ್ದು ಆಮೇಲೆ. ಬೆಳಗ್ಗೆ ಮುಟ್ಟಿದರೆ ಕಿವಿ ತಣ್ಣಗೆ.

ಮೊದಲು ಹೋದ ಕ್ಲಿನಿಕ್ಕಿನಲ್ಲಿ ನಾಯಿ ಬೆಕ್ಕು ಮಾತ್ರ ನೋಡುತ್ತೇವೆ ಅಂದರು. ಮೊಲದ ಬಗ್ಗೆ ಬಲ್ಲ ವೈದ್ಯರು ಸಿಗುವಷ್ಟರಲ್ಲಿ ಹನ್ನೊಂದು ದಾಟಿತ್ತು. ಅವರು ಮೈ ಬಿಸಿ ನೋಡಿದರು. ಮೊಲಕ್ಕೆ ಸಾಮಾನ್ಯವಾಗಿ 101ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಬೆಲ್ಲನಿಗೆ 97 ಇತ್ತು. ಮೈ ಬೆಚ್ಚಗೆ ಮಾಡಿ, ಚರ್ಮದ ಕೆಳಗೆ ದ್ರವ ಕೊಟ್ಟು ಕಾದರು. ಮಧ್ಯಾಹ್ನ ಎರಡಕ್ಕೆ ಹೋಯಿತು. ಮಗಳು ಸ್ಕೂಲಿನಲ್ಲಿದ್ದಳು.

ಇಷ್ಟರಲ್ಲಿ ಯಾವುದು ಕೊಂದಿತು ಅಂತ ಕೇಳಿದೆ. ಒಂದೇ ಒಂದನ್ನು ಬೆರಳು ಮಾಡಿ ತೋರಿಸಲು ಆಗುವುದಿಲ್ಲ ಅಂದರು. ಆದರೆ ನಮ್ಮ ಪಟ್ಟಿ ಕೇಳುತ್ತಾ ಕೇಳುತ್ತಾ ಅವರ ಮುಖ ಬದಲಾಗುತ್ತಿದ್ದದ್ದು ಕಂಡಿತು. ಸಿರಪ್ ಅಂದಾಗ ಪೆನ್ನು ಕೆಳಗಿಟ್ಟರು.

ಅವತ್ತು ಅವರು ಹೇಳಿದ್ದು, ಆಮೇಲೆ ನಾನು ಓದಿ ತಿಳಿದದ್ದು ಇದು. ತಾಯಿ ಮೊಲ ಮರಿಗಳಿಗೆ ದಿನಕ್ಕೆ ಒಂದೋ ಎರಡೋ ಸಲ, ಕೆಲವೇ ನಿಮಿಷ ಹಾಲೂಡಿಸುತ್ತದೆ. ಮೂರನೇ ವಾರದ ಸುಮಾರಿಗೆ ಮರಿ ಹುಲ್ಲು ಕಚ್ಚಲು ಕಲಿತರೂ ಎಂಟು ವಾರದವರೆಗೆ ತಾಯಿ ಜೊತೆಯಲ್ಲೇ ಇರುವುದು ಒಳ್ಳೆಯದು. ಅಷ್ಟರಲ್ಲಿ ಹೊಟ್ಟೆಯ ಆಮ್ಲ ಬಲವಾಗುತ್ತದೆ. ದೊಡ್ಡ ಕರುಳಿನ ಶುರುವಿನಲ್ಲಿರುವ ಚೀಲದಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ನೆಲೆಯಾಗುತ್ತವೆ. ಮೊಲ ನಾರನ್ನು ಅರಗಿಸುವುದು ಆ ಚೀಲದಲ್ಲೇ. ನಮ್ಮ "ಎರಡು ತಿಂಗಳ" ಮರಿಗಳಿಗೆ ಐದು ವಾರ ಆಗಿದ್ದರೆ ಹೆಚ್ಚು ಅಂದರು ವೈದ್ಯರು. ಅಂದರೆ ಒಳಗೆ ಇನ್ನೂ ಏನೂ ಸರಿಯಾಗಿ ಕೂತಿರಲಿಲ್ಲ. ಅದರ ಮೇಲೆ ಬ್ರೆಡ್ಡು, ಬಾಳೆಹಣ್ಣು, ಜೋಳ ಅಂತ ಸಕ್ಕರೆ, ಪಿಷ್ಟ ಸುರಿದೆವು. ಅದು ಅರಗದೆ ಆ ಚೀಲಕ್ಕೆ ಹೋದರೆ ಕೆಟ್ಟ ಬ್ಯಾಕ್ಟೀರಿಯಾಕ್ಕೆ ಹಬ್ಬ. ಗ್ಯಾಸು, ವಿಷ, ಭೇದಿ. ಮೊಲಕ್ಕೆ ವಾಂತಿ ಮಾಡಲೂ ಬರುವುದಿಲ್ಲ, ಒಳಗೆ ಹೋದದ್ದು ಹಿಂಬಾಗಿಲಿನಿಂದಲೇ ಹೋಗಬೇಕು.

ಇನ್ನು ಸಿರಪ್. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್ ಇಂಥವನ್ನು ಮೊಲಕ್ಕೆ ಬಾಯಿಂದ ಕೊಡಲೇಬಾರದು. ಅಳಿದುಳಿದ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಅವು ಒರೆಸಿ ಹಾಕುತ್ತವೆ, ಆಮೇಲೆ ಕೆಟ್ಟದ್ದರದೇ ರಾಜ್ಯ. ದೊಡ್ಡ ಮೊಲವೂ ಸಾಯಬಹುದು. ಮೊಲಕ್ಕೆ ಆಗುವ ಆ್ಯಂಟಿಬಯೋಟಿಕ್ ಬೇರೆ ಇವೆ, ಅದನ್ನು ಮೊಲ ಬಲ್ಲ ವೈದ್ಯರೇ ಬರೆಯಬೇಕು. ದಯವಿಟ್ಟು ಫ್ರಿಜ್ಜಿನ ಬಾಟಲಿಗೆ ಕೈ ಹಾಕಬೇಡಿ.

ನನ್ನ ತಲೆಯಿಂದ ಇವತ್ತಿಗೂ ಹೋಗದ ಸಂಗತಿ ಇನ್ನೊಂದಿದೆ. ವೈದ್ಯರು ಕೇಳಿದರು: "ಹುಲ್ಲು ಎಷ್ಟು ಕೊಡ್ತಿದ್ರಿ?" ಹುಲ್ಲು! ಆರು ದಿನದಲ್ಲಿ ಮನೆಯಲ್ಲಿ ಒಂದು ಎಸಳು ಹುಲ್ಲು ಇರಲಿಲ್ಲ. ಮೊಲದ ಊಟದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಒಣಹುಲ್ಲೇ ಇರಬೇಕು. ನಮಗೆ ಅನ್ನ ಮುದ್ದೆ ಇದ್ದ ಹಾಗೆ. ಕ್ಯಾರೆಟ್ಟು ಉಪ್ಪಿನಕಾಯಿ ಇದ್ದ ಹಾಗೆ, ಎಲೆ ತುದಿಗೆ ಒಂದು ಚೂರು. ನಾವು ಉಪ್ಪಿನಕಾಯಿಯನ್ನೇ ಬಡಿಸಿ ಊಟವನ್ನೇ ಮರೆತಿದ್ದೆವು. ನಾರು ಇದ್ದರೆ ಕರುಳು ಓಡುತ್ತಿರುತ್ತದೆ. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಅದು ಸವೆಯುವುದೂ ಹುಲ್ಲು ಅಗಿದು ಅಗಿದೇ.

ಎಳ್ಳು ಬದುಕಿತು. ಅದು ಸ್ವಲ್ಪ ನಾಚಿಕೆಯದು, ಜನ ಬಂದರೆ ಪೆಟ್ಟಿಗೆ ಹಿಂದೆ ಅಡಗುತ್ತಿತ್ತು. ಹಾಗಾಗಿ ಅದಕ್ಕೆ ಹಬ್ಬದೂಟ ಕಡಿಮೆ ಸಿಕ್ಕಿತ್ತು. ಸಿರಪ್ಪೂ ಅದಕ್ಕೆ ಹಾಕಿರಲಿಲ್ಲ. ಅದೃಷ್ಟ, ಅಷ್ಟೇ.

ಅವತ್ತೇ ತರಕಾರಿ, ಹಣ್ಣು, ಕಾಳಿನ ಪೊಟ್ಟಣ ಎಲ್ಲ ಬಂದ್. ಒಣಗಿಸಿದ ಕುದುರೆ ಮೆಂತೆ, ಅಂದರೆ ಲೂಸರ್ನ್, ಯಾವಾಗಲೂ ಮುಂದೆ ಇರುವಂತೆ ನೋಡಿಕೊಂಡೆವು. ಆನ್‌ಲೈನಿನಲ್ಲಿ ಆಲ್ಫಾಲ್ಫಾ ಅಂತ ಹುಡುಕಿದರೆ ಸಿಗುವುದು ಇದೇ. ಬೆಳೆಯುವ ಮರಿಗೆ ಬೇಕಾದ ಪ್ರೋಟೀನು, ಕ್ಯಾಲ್ಸಿಯಂ ಇದರಲ್ಲಿದೆ. ಜೊತೆಗೆ ಒಂದೇ ಬಣ್ಣದ ಸಾದಾ ಗುಳಿಗೆ ಆಹಾರ, ಅಂದರೆ ಪೆಲೆಟ್. ಬಣ್ಣದ ಮಿಶ್ರಣ ಇಟ್ಟರೆ ಮೊಲ ರುಚಿಯದ್ದನ್ನಷ್ಟೇ ಆರಿಸಿ ತಿಂದು ನಾರಿನದ್ದನ್ನು ಬಿಡುತ್ತದೆ, ಮಕ್ಕಳು ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕುವ ಹಾಗೆ. ಪೊಟ್ಟಣದ ಹಿಂದೆ ನಾರಿನ ಅಂಶ ಎಷ್ಟು ಅಂತ ಓದಿ. 18 ಶೇಕಡಾ ಅಥವಾ ಹೆಚ್ಚಿದ್ದರೆ ಒಳ್ಳೆಯದು.

ಸೊಪ್ಪು ಶುರು ಮಾಡಿದ್ದು ಹನ್ನೆರಡು ವಾರ ದಾಟಿದ ಮೇಲೆ. ಮೊದಲು ನಾಲ್ಕು ಎಸಳು ಕೊತ್ತಂಬರಿ. ಎರಡು ಮೂರು ದಿನ ಹಿಕ್ಕೆ ನೋಡಿ, ಸರಿಯಿದ್ದರೆ ಮುಂದಿನದು. ಹೀಗೆ ಪುದೀನ, ಸಬ್ಬಸಿಗೆ, ಮೂಲಂಗಿ ಸೊಪ್ಪು, ಕ್ಯಾರೆಟ್ಟಿನ ಮೇಲಿನ ಸೊಪ್ಪು ಒಂದೊಂದಾಗಿ ಬಂದವು. ಪಾಲಕ್ ಅಪರೂಪಕ್ಕೆ. ಎಲೆಕೋಸು ಇವತ್ತಿಗೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು, ಚಾಕೊಲೇಟ್ ಯಾವತ್ತೂ ಇಲ್ಲ. ಆರೇಳು ತಿಂಗಳಾದ ಮೇಲೆ ನಿಧಾನವಾಗಿ ಕುದುರೆ ಮೆಂತೆ ತಗ್ಗಿಸಿ ಹುಲ್ಲಿಗೆ ಬದಲಾಯಿಸಿದೆವು. ದೊಡ್ಡ ಮೊಲಕ್ಕೆ ಅಷ್ಟು ಕ್ಯಾಲ್ಸಿಯಂ ಸುಮ್ನೆ ಮೂತ್ರದಲ್ಲಿ ಮರಳಿನ ಹಾಗೆ ಕೂರುತ್ತದೆ.

ಮೊಲಕ್ಕೆ ಹಾಕುವ ಟಿಮೊತಿ ಅನ್ನುವ ಒಣಹುಲ್ಲು ಹೊರದೇಶದ್ದು, ಅಕ್ಕಿಗಿಂತ ಎಷ್ಟೋ ಪಟ್ಟು ದುಬಾರಿ. ಹಾಗಾಗಿ ನಾನು ಅದಕ್ಕೆ ಗರಿಕೆ ಬೆರೆಸುತ್ತೇನೆ. ಔಷಧಿ ಹೊಡೆಯದ ಜಾಗದ್ದು ಸಿಕ್ಕರೆ ತೊಳೆದು ಹಸಿಯಾಗಿ, ಇಲ್ಲವೇ ನೆರಳಲ್ಲಿ ಒಣಗಿಸಿ. ರಸ್ತೆ ಬದಿಯದು, ಲಾನ್ ಮಷಿನ್ನಿನಲ್ಲಿ ಕತ್ತರಿಸಿ ಗುಡ್ಡೆ ಹಾಕಿದ್ದು ಬೇಡ. ಕತ್ತರಿಸಿದ ಹುಲ್ಲು ಗುಡ್ಡೆಯಲ್ಲಿ ಬೇಗ ಹುಳಿಯುತ್ತದೆ.

ಹಿಕ್ಕೆ ನೋಡುವುದು ಈಗ ನನಗೆ ಪೇಪರ್ ಓದಿದ ಹಾಗೆ ಬೆಳಗಿನ ಅಭ್ಯಾಸ. ದುಂಡಗೆ, ಒಣಗಿ, ಹಿಸುಕಿದರೆ ಹುಲ್ಲಿನ ಪುಡಿ ಕಾಣುವಂತಿದ್ದರೆ ಎಲ್ಲ ಸರಿ. ದ್ರಾಕ್ಷಿ ಗೊಂಚಲಿನಂಥ ಮೆತ್ತನೆಯ ಇನ್ನೊಂದು ಬಗೆ ಇದೆ, ಅದನ್ನು ಮೊಲ ನೇರವಾಗಿ ಬಾಯಿ ಹಾಕಿ ತಿಂದುಬಿಡುತ್ತದೆ. ಮಗಳು ಮೊದಲ ಸಲ ನೋಡಿ ಛೀ ಅಂದಳು. ತಡೆಯಬೇಡಿ, ವಿಟಮಿನ್ ಇರುವುದೇ ಅದರಲ್ಲಿ. ಆ ಮೆತ್ತನೆಯದನ್ನು ತಿನ್ನದೆ ಬಿಡುತ್ತಿದ್ದರೆ ಹುಲ್ಲು ಕಡಿಮೆ, ಉಳಿದದ್ದು ಜಾಸ್ತಿ ಆಗಿದೆ ಅಂತ ಲೆಕ್ಕ. ಇನ್ನು, ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಕೂತರೆ ಅದು ತುರ್ತು. ಮರಿಯಾದರೆ ಅಷ್ಟು ಹೊತ್ತೂ ಕಾಯಬೇಡಿ. ಬೆಳಗಾಗಲಿ ಅಂತ ಟವೆಲ್ ಹಾಸಿ ಮಲಗಿದವನು ಹೇಳುತ್ತಿದ್ದೇನೆ.

ಮರಿ ತರುವಾಗ ಅದು ಅಂಗಡಿಯಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ತನ್ನಿ. ಅದು ತೀರಾ ಬ್ರೆಡ್ಡು ಬಿಸ್ಕತ್ತಾಗಿದ್ದರೆ ಆ ಮರಿ ತೋರಿಸಲು ವೈದ್ಯರ ಹತ್ತಿರ ಹೋಗಿ. ಹೊಸದನ್ನು ಏಳೆಂಟು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸಬೇಕು. ಊರಿನಲ್ಲಿ ಮೊಲ ನೋಡುವ ವೈದ್ಯರು ಯಾರು ಅಂತ ಮರಿ ತರುವ ಮುಂಚೆಯೇ ಗೊತ್ತಿರಲಿ. ನಾವು ಅದನ್ನು ಹುಡುಕುತ್ತಾ ಕಳೆದದ್ದು ಎರಡು ಗಂಟೆ.

ಮೊನ್ನೆ ಆ ಅಂಗಡಿ ಮುಂದೆ ಹಾದು ಹೋದೆ. ಅದೇ ತಟ್ಟೆ, ಅದೇ ಅಂಗೈ ಅಗಲದ ಮರಿಗಳು, ಮಧ್ಯೆ ಕ್ಯಾರೆಟ್ ಚೂರು. ಒಬ್ಬರು ಮಗನನ್ನು ಕರೆದುಕೊಂಡು ಬಂದು ಬೆಲೆ ಮಾತಾಡುತ್ತಿದ್ದರು. ತಡೆಯಲಾಗದೆ ಹತ್ತಿರ ಹೋಗಿ ಇಷ್ಟೂ ಕಥೆ ಹೇಳಿದೆ. ಅಂಗಡಿಯವರು ನನ್ನನ್ನೇ ದುರುಗುಟ್ಟಿ ನೋಡಿದರು. ಹುಡುಗ ಆಗಲೇ ಒಂದನ್ನು ಎದೆಗೆ ಒತ್ತಿಕೊಂಡುಬಿಟ್ಟಿದ್ದ. ಅಪ್ಪ ಒಂದು ನಿಮಿಷ ಯೋಚಿಸಿ ದುಡ್ಡು ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಆ ಹುಲ್ಲು ಎಲ್ಲಿ ಸಿಗುತ್ತೆ ಅಂದ್ರಿ?" ಅಂತ ಕೇಳಿದರು. ಮನೆಯಲ್ಲಿದ್ದ ಅರ್ಧ ಚೀಲ ತಂದುಕೊಟ್ಟೆ.