ಸರ್ಕಾರಿ ಉಗ್ರಾಣದಲ್ಲಿ ಧಾನ್ಯ ಇಡಬಹುದೇ? ಸೇವೆಯ ಒಳಹೊರಗು

ಕೇಂದ್ರ ಉಗ್ರಾಣ ನಿಗಮ, ಕರ್ನಾಟಕ ರಾಜ್ಯ ಉಗ್ರಾಣ ನಿಗಮ ಎರಡೂ 1957ರಲ್ಲಿ ಶುರುವಾದವು. ಪಡಿತರದ ಅಕ್ಕಿ, ಬೆಂಬಲ ಬೆಲೆಗೆ ಕೊಂಡ ರಾಗಿ, ಜೋಳ ಇಂಥ ಗೋದಾಮುಗಳಲ್ಲೇ ದಾಸ್ತಾನಾಗುತ್ತವೆ. ಅದೇ ಸೂರಿನಡಿ ರೈತರೂ ರೈತ ಉತ್ಪಾದಕ ಕಂಪನಿಗಳೂ ಬಾಡಿಗೆ ಕೊಟ್ಟು ತಮ್ಮ ಮಾಲು ಇಡಬಹುದು ಎಂಬುದು ಬಹಳ ಜನರಿಗೆ ಗೊತ್ತೇ ಇಲ್ಲ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಚೆನ್ನಾಗಿ ಒಣಗಿದ ಮಾಲಿಗೆ ಇದು ಕೊಟ್ಟ ಬಾಡಿಗೆಗೆ ಮೋಸವಿಲ್ಲದ ಸೇವೆ. ಹಸಿ ಮಾಲು ಒಯ್ದರೆ ಬಾಡಿಗೆಯೂ ದಂಡ, ಮಾಲೂ ದಂಡ. ಗೋದಾಮು ಧಾನ್ಯವನ್ನು ಕಾಯುತ್ತದೆಯೇ ಹೊರತು ಒಣಗಿಸುವುದಿಲ್ಲ.

ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳವನ್ನೇ ನೋಡಿ. ಮಳೆ ಪೂರ್ತಿ ಹಿಂದೆ ಸರಿಯುವ ಮೊದಲೇ ಕೊಯ್ಲು, ಒಕ್ಕಣೆ ಮುಗಿದಿರುತ್ತದೆ; ಕಾಳಿನಲ್ಲಿ ತೇವಾಂಶ 18 ಶೇಕಡಾ ಇದ್ದರೂ ಆಶ್ಚರ್ಯವಿಲ್ಲ. ತಿಂಗಳುಗಟ್ಟಲೆ ಇಡಬೇಕಾದರೆ ಅದು 12ರ ಆಸುಪಾಸಿಗೆ ಇಳಿಯಬೇಕು. ಹಸಿ ಕಾಳು ಉಸಿರಾಡುತ್ತದೆ, ಬಿಸಿ ಮತ್ತು ನೀರಾವಿ ಬಿಡುತ್ತದೆ. ಅಟ್ಟಿಯ ನಡುವಿನ ಚೀಲಗಳ ಬಿಸಿಗೆ ಹೊರಹೋಗಲು ದಾರಿಯಿಲ್ಲದೆ ಬೂಷ್ಟು ಹಿಡಿಯುತ್ತದೆ, ಅದರೊಂದಿಗೆ ಅಫ್ಲಾಟಾಕ್ಸಿನ್ ಎಂಬ ವಿಷ. ಒಂದು ಕಿಲೋ ಧಾನ್ಯದಲ್ಲಿ 15 ಮೈಕ್ರೋಗ್ರಾಂಗಿಂತ ಹೆಚ್ಚಿದ್ದರೆ ಅದನ್ನು ಆಹಾರಕ್ಕೆಂದು ಮಾರುವಂತಿಲ್ಲ. ಬೂಷ್ಟನ್ನು ಕೊಡವಿ ಮತ್ತೆ ಬಿಸಿಲಿಗೆ ಹಾಕಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ.

ಮಾಯಿಶ್ಚರ್ ಮೀಟರ್ ಮನೆಯಲ್ಲಿ ಇಲ್ಲದಿದ್ದರೆ ಸುಲಭದ ಪರೀಕ್ಷೆ ಇದೆ. ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಎರಡು ಮೂರು ಚಮಚ ಒಣ ಪುಡಿ ಉಪ್ಪು ಹಾಕಿ ಮುಚ್ಚಳ ಬಿಗಿದು ಚೆನ್ನಾಗಿ ಅಲ್ಲಾಡಿಸಿ ಕಾಲು ಗಂಟೆ ಬಿಡಿ. ಉಪ್ಪು ಬಾಟಲಿಯ ಒಳಮೈಗೆ ಅಂಟಿಕೊಂಡರೆ ತೇವಾಂಶ 15ಕ್ಕಿಂತ ಹೆಚ್ಚಿದೆ, ಇನ್ನೂ ಒಣಗಿಸಬೇಕು. ಅಂಟದಿದ್ದರೆ 15ರ ಕೆಳಗಿದೆ ಎಂದಷ್ಟೇ ಅರ್ಥ. 12ಕ್ಕೆ ಬಂದಿದೆಯೋ ಇಲ್ಲವೋ ಮೀಟರೇ ಹೇಳಬೇಕು. ಒಣಗಿದಷ್ಟೂ ತೂಕ ಇಳಿಯುತ್ತದೆ: 18 ಶೇಕಡಾ ತೇವಾಂಶದ ಒಂದು ಕ್ವಿಂಟಲ್ 12ಕ್ಕೆ ಬಂದಾಗ ಸುಮಾರು 93 ಕಿಲೋ ಆಗಿರುತ್ತದೆ. ಹಾಗಾಗಿ ಒಳಹೋಗುವಾಗಿನ ತೂಕದ ಜೊತೆ ಆಗಿನ ತೇವಾಂಶವೂ ರಶೀದಿಯಲ್ಲಿ ದಾಖಲಾಗಬೇಕೆಂದು ಪಟ್ಟುಹಿಡಿಯಿರಿ. ಅದಿಲ್ಲದಿದ್ದರೆ ಹೊರಗೆ ತರುವಾಗ ಕಡಿಮೆ ಬಂದ ತೂಕ ಆರಿದ್ದೋ ಸೋರಿದ್ದೋ ಎಂದು ತೀರ್ಮಾನಿಸಲು ಆಧಾರವೇ ಇರುವುದಿಲ್ಲ.

ಮಾಲು ಇಳಿಸುವ ಮೊದಲು ಒಮ್ಮೆ ಒಳಗೆ ಸುತ್ತು ಹಾಕಿ ಬನ್ನಿ. ಚೀಲಗಳು ನೆಲಕ್ಕೆ ತಾಗದೆ ಮರದ ಅಥವಾ ಪ್ಲಾಸ್ಟಿಕ್ ಹಲಗೆಗಳ ಮೇಲಿರಬೇಕು. ಗೋಡೆಗೂ ಅಟ್ಟಿಗೂ ನಡುವೆ ಒಬ್ಬ ಆಳು ಓಡಾಡುವಷ್ಟು ಜಾಗ ಬೇಕು. ಗೋಡೆಗೆ ಒರಗಿದ ಚೀಲ ಮಳೆಗಾಲದಲ್ಲಿ ತೇವ ಎಳೆಯುತ್ತದೆ, ಆ ಬದಿಗೆ ಔಷಧಿ ಹೊಡೆಯಲೂ ಆಗುವುದಿಲ್ಲ. ಅದೇ ಕೋಣೆಯಲ್ಲಿ ಯೂರಿಯಾ ಇದ್ದರೆ ಬೇರೆ ಕೋಣೆ ಕೇಳಿ. ಗೋಡೆಯ ಬಿರುಕು, ಮೂಲೆಯಲ್ಲಿ ರಾಶಿ ಬಿದ್ದ ಹಳೆಯ ಗೋಣಿಚೀಲಗಳೇ ಹುಳುವಿನ ತವರು. ನೀವು ಒಯ್ಯುವ ಚೀಲಗಳಿಗೂ ಇದೇ ಮಾತು ಅನ್ವಯ, ಹೊಸದನ್ನೇ ಬಳಸಿ.

ಈ ಸೇವೆಯಲ್ಲಿ ದುಡ್ಡು ಕೊಟ್ಟದ್ದು ಸಾರ್ಥಕ ಅನ್ನಿಸುವುದು ಗ್ಯಾಸ್ ಹಾಕುವ ಕೆಲಸದಲ್ಲಿ. ಅಲ್ಯೂಮಿನಿಯಂ ಫಾಸ್ಫೈಡ್‌ನ 3 ಗ್ರಾಂ ಮಾತ್ರೆಯೊಂದು ಗಾಳಿಯ ತೇವಕ್ಕೆ ಫಾಸ್ಫೀನ್ ಎಂಬ ಹುಳು ಕೊಲ್ಲುವ ವಿಷಗ್ಯಾಸನ್ನು 1 ಗ್ರಾಂ ಬಿಡುತ್ತದೆ. ಹೊದಿಕೆ ಮುಚ್ಚಿದ ಅಟ್ಟಿಗೆ ಟನ್ನಿಗೆ ಮೂರು ಮಾತ್ರೆ ಲೆಕ್ಕ, ಕನಿಷ್ಠ ಏಳು ದಿನ ತೆಗೆಯಬಾರದು. ಹೊದಿಕೆಯ ಅಂಚನ್ನು ನೆಲದ ಮೇಲೆ ಹರಡಿ, ಮರಳು ತುಂಬಿದ ಉದ್ದನೆಯ ಬಟ್ಟೆ ಚೀಲಗಳನ್ನು ಅದರ ಮೇಲೆ ಒಂದರ ತುದಿ ಇನ್ನೊಂದರ ಮೇಲೆ ಬರುವಂತೆ ಹಾಸುತ್ತಾರೆ. ಎರಡು ಚೀಲಗಳ ನಡುವೆ ನಾಲ್ಕು ಬೆರಳು ಸಂದು ಬಿಟ್ಟರೂ ಗ್ಯಾಸ್ ಅಲ್ಲಿಂದ ಸೋರಿಹೋಗುತ್ತದೆ. ಓಡಾಡುವ ಹುಳು ಬೇಗ ಸಾಯುತ್ತದೆ. ಮೊಟ್ಟೆ ಮತ್ತು ಕೋಶ (ಮರಿ ದುಂಬಿಯಾಗುವ ಮೊದಲಿನ ಹಂತ) ಹಠಮಾರಿಗಳು, ಅವಕ್ಕೆ ದಿನಗಳು ಬೇಕು. ಮೂರು ದಿನಕ್ಕೇ ಹೊದಿಕೆ ತೆಗೆದರೆ ಕಾಳಿನೊಳಗೆ ಉಳಿದ ಮರಿಗಳು ತಿಂಗಳೊಳಗೆ ಹೊರಬರುತ್ತವೆ. ಹೀಗೆ ಅರೆಬರೆ ಗ್ಯಾಸ್ ತಿಂದು ಬದುಕಿದ ಹುಳುಗಳಿಂದಲೇ ಈಗ ಫಾಸ್ಫೀನ್‌ಗೆ ಬಗ್ಗದ ತಳಿಗಳು ಹುಟ್ಟಿಕೊಂಡಿರುವುದು, ಈ ಕ್ಷೇತ್ರದ ದೊಡ್ಡ ಚಿಂತೆಯೂ ಅದೇ.

ಗ್ಯಾಸ್ ಹೊರಹೋದ ಮೇಲೆ ಧಾನ್ಯಕ್ಕೆ ಯಾವ ರಕ್ಷಣೆಯೂ ಉಳಿದಿರುವುದಿಲ್ಲ, ಪಕ್ಕದ ಅಟ್ಟಿಯಿಂದ ಹುಳು ಮತ್ತೆ ಹತ್ತಬಹುದು. ಅದಕ್ಕೆಂದೇ ಚೀಲಗಳ ಹೊರಮೈಗೆ ಸಿಂಪಡಣೆ: ಮ್ಯಾಲಥಿಯಾನ್ 50 ಇಸಿ (ನೀರಿಗೆ ಬೆರೆಸುವ ದ್ರವರೂಪದ ಔಷಧಿ) ಆದರೆ ಲೀಟರ್ ನೀರಿಗೆ 10 ಮಿಲಿ, 100 ಚದರ ಮೀಟರಿಗೆ 3 ಲೀಟರ್ ದ್ರಾವಣ, 15 ದಿನಕ್ಕೊಮ್ಮೆ. ಡೆಲ್ಟಾಮೆಥ್ರಿನ್ 2.5 ಪುಡಿಯಾದರೆ ಲೀಟರಿಗೆ 40 ಗ್ರಾಂ, ಮೂರು ತಿಂಗಳಿಗೊಮ್ಮೆ. ಡೈಕ್ಲೋರ್ವಾಸ್ ಎಂಬ ಕೀಟನಾಶಕವನ್ನು 2020ರ ಕೊನೆಗೆ ನಿಷೇಧಿಸಲಾಗಿದೆ, ಯಾರಾದರೂ ಇನ್ನೂ ಬಳಸುತ್ತಿದ್ದರೆ ತಡೆಯಿರಿ. ಸಿಂಪಡಣೆ, ಗ್ಯಾಸ್ ಎರಡರ ದಿನಾಂಕವೂ ಗೋದಾಮಿನ ಪುಸ್ತಕದಲ್ಲಿರುತ್ತದೆ. ಬಾಡಿಗೆದಾರರು ಕೇಳಿದರೆ ತೋರಿಸಬೇಕು. ಮನೆಯ ಕೋಣೆಯಲ್ಲಿ ಮಾತ್ರೆ ಇಟ್ಟು ಇದನ್ನೇ ಮಾಡಲು ಹೋಗಬೇಡಿ. ಈ ಗ್ಯಾಸಿಗೆ ಪ್ರತಿವಿಷವಿಲ್ಲ, ತರಬೇತಿ ಇಲ್ಲದವರು ಬಳಸಲು ಕಾನೂನೂ ಒಪ್ಪುವುದಿಲ್ಲ.

ಬೆಳೆಯಿಂದ ಬೆಳೆಗೆ ಲಾಭ ಬೇರೆ. ರಾಗಿಯ ಕಾಳು ಸಣ್ಣದು, ಒತ್ತಾಗಿ ಕೂರುತ್ತದೆ, ಹುಳುವಿನ ಕಾಟ ಕಡಿಮೆ; ಒಣಗಿದ್ದರೆ ಮನೆಯ ಕಣಜವೇ ಸಾಕು, ಬಾಡಿಗೆ ಕೊಡಬೇಕಾದದ್ದು ಸಾಲಕ್ಕೆ ಅಡವಿಡಲು ಗೋದಾಮಿನ ರಶೀದಿ ಬೇಕಿದ್ದಾಗ ಮಾತ್ರ. ತೊಗರಿ, ಹೆಸರು, ಅಲಸಂದೆ ಹಾಗಲ್ಲ. ದುಂಬಿ ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ, ನೋಡಲು ಶುದ್ಧವಾಗಿರುವ ಕಾಳಿನಲ್ಲೂ ಒಳಗೆ ಮರಿ ಇರಬಹುದು. ಕಲಬುರಗಿಯ ತೊಗರಿ ಬೆಳೆಗಾರರು ಮಾಲು ಇಟ್ಟ ಕೂಡಲೇ ಮೊದಲ ಗ್ಯಾಸ್ ಹಾಕಿಸುವಂತೆ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ರಶೀದಿ. 2007ರ ಉಗ್ರಾಣ ಕಾಯ್ದೆಯಡಿ ನೋಂದಾಯಿತ ಗೋದಾಮುಗಳು ಕೊಡುವ ವಿದ್ಯುನ್ಮಾನ ರಶೀದಿ 2017ರಿಂದ ಜಾರಿಯಲ್ಲಿದೆ. ಅದನ್ನು ಬ್ಯಾಂಕಿನಲ್ಲಿ ಅಡವಿಡಬಹುದು, ಭಾಗ ಮಾಡಿ ಮಾರಬಹುದು, ಒಂದೇ ಮಾಲಿನ ಮೇಲೆ ಎರಡು ಕಡೆ ಸಾಲ ಎತ್ತಲು ಬರುವುದಿಲ್ಲ. ಎಲ್ಲ ಗೋದಾಮುಗಳೂ ನೋಂದಾಯಿತವಲ್ಲ, ಮಾಲು ಹೇರುವ ಮೊದಲೇ ವಿಚಾರಿಸಿ. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ, ಅತಿಸಣ್ಣ ರೈತರಿಗೆ ಈ ರಶೀದಿಯ ಮೇಲೆ ಕೊಯ್ಲಿನ ನಂತರ ಆರು ತಿಂಗಳವರೆಗೆ ಬಡ್ಡಿ ರಿಯಾಯಿತಿಯೂ ಇದೆ. ಆದರೂ ಲೆಕ್ಕ ಹಾಕಿಯೇ ಮುಂದುವರಿಯಿರಿ: ಕ್ವಿಂಟಲ್‌ಗೆ 2000 ರೂಪಾಯಿ ಸಾಲ, ಶೇಕಡಾ 7 ಬಡ್ಡಿ ಎಂದಿಟ್ಟುಕೊಂಡರೆ ನಾಲ್ಕು ತಿಂಗಳಿಗೆ ಬಡ್ಡಿಯೇ 47 ರೂಪಾಯಿ. ಇದರ ಮೇಲೆ ಬಾಡಿಗೆ, ಇಳಿಸುವ ಹಮಾಲಿ, ಮತ್ತೆ ಹೇರುವ ಹಮಾಲಿ, ಆರಿದ ತೂಕ. ದರ ಇಷ್ಟನ್ನೂ ಮೀರಿ ಏರುವ ನಂಬಿಕೆ ಇಲ್ಲದಿದ್ದರೆ ಕೊಯ್ಲಿನಲ್ಲೇ ಮಾರುವುದು ಲೇಸು.

ಗೋದಾಮಿನ ವಿಮೆಯಿಂದ ಬೆಂಕಿ, ಪ್ರವಾಹ, ಕಳವಿಗೆ ಪರಿಹಾರ ಸಿಗುತ್ತದೆ. ಬೂಷ್ಟು ಹಿಡಿದು ಗುಣಮಟ್ಟ ಇಳಿದದ್ದು ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಹಾಗಾಗಿ ತಿಂಗಳಿಗೊಮ್ಮೆಯಾದರೂ ಹೋಗಿ ಅಟ್ಟಿಯ ಬೇರೆ ಬೇರೆ ಬದಿಯ ಚೀಲಗಳಿಂದ ಕಾಳು ತೆಗೆಸಿ ನೋಡಿ. ಕಾಳು ಬೆಚ್ಚಗಿದ್ದರೆ, ಮುಗ್ಗಲು ವಾಸನೆ ಬಂದರೆ ಅಥವಾ ಚೀಲದ ಹೊಲಿಗೆಯ ಬಳಿ ಹಿಟ್ಟಿನಂಥ ಪುಡಿ ಕಂಡರೆ ಅಂದೇ ಬರಹದಲ್ಲಿ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ.