ವಾದಿ ಶಾಬ್: ಈಜು ಬಾರದವರು ಬನಿ ಖಾಲಿದಿಗೆ ಹೋಗಿ

ಕುಂಬಳೆ, ಉಪ್ಪಳ ಕಡೆಯಿಂದ ಒಮಾನಿನ ಮಸ್ಕತ್‌ನಲ್ಲಿರುವ ಮಕ್ಕಳ ಮನೆಗೆ ಹೋದವರನ್ನು ರಜೆಯಲ್ಲಿ ವಾದಿ ಶಾಬ್‌ಗೆ ಕರೆದೊಯ್ಯುವುದುಂಟು. ವಾದಿ ಅಂದರೆ ಬೆಟ್ಟದ ನೀರು ಹರಿಯುವ ಕಣಿವೆ. ಜಾಗ ಚೆನ್ನಾಗಿದೆ. ಆದರೆ ಎಲ್ಲರಿಗೂ ಹೇಳಿದ್ದಲ್ಲ.

ಮಸ್ಕತ್‌ನಿಂದ ಸೂರ್‌ಗೆ ಹೋಗುವ ಹೆದ್ದಾರಿಯಲ್ಲಿ ತಿವಿ ಎಂಬ ಊರಿನ ಹತ್ತಿರ ಸೇತುವೆ ಕೆಳಗೆ ಕಾರು ನಿಲ್ಲಿಸಿ ದೋಣಿ ಹತ್ತಬೇಕು. ಹೋಗಿಬರಲು ತಲೆಗೆ 1 ರಿಯಾಲ್. ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಆಗಲೇ ಕೇಳಿಕೊಳ್ಳಿ. ಆಮೇಲೆ ಮುಕ್ಕಾಲು ಗಂಟೆ ನಡಿಗೆ. ಖರ್ಜೂರ, ಬಾಳೆ ತೋಟದ ಪಕ್ಕ ಹರಿಯುವ ನೀರಿನ ಕಣಿಗೆ ಫಲಜ್ ಎನ್ನುತ್ತಾರೆ. ಫಲಜ್ ಅಂದರೆ ನಮ್ಮ ಕಡೆ ನೀರಿಗಾಗಿ ಗುಡ್ಡಕ್ಕೆ ಕೊರೆಯುವ ಸುರಂಗವೇ ಎಂಬ ಮಾತು ನೆಲದಡಿ ಕೊರೆದು ನೀರು ತರುವ ದಾವೂದಿ ಫಲಜ್‌ಗೆ ಸರಿ. ಹರಿಯುವ ನೀರನ್ನೇ ತಿರುಗಿಸುವುದು ಘೈಲಿ ಫಲಜ್. ತೋಡಿಗೆ ಕಟ್ಟ ಹಾಕಿ ಅಡಕೆ ತೋಟಕ್ಕೆ ಬಿಟ್ಟ ಹಾಗೆ.

ನಡಿಗೆ ಮುಗಿದಲ್ಲಿ ನೀರಿಗಿಳಿಯಬೇಕು. ಒಂದರ ಹಿಂದೊಂದು ಗುಂಡಿ. ಕೆಲವೆಡೆ ಕಾಲೂರಬಹುದು, ಕೆಲವೆಡೆ ನೆಲ ಸಿಗದು. ಕೊನೆಗೆ ತಲೆಯಷ್ಟೇ ಹಿಡಿಸುವ ಬಂಡೆಯ ಬಿರುಕು, ಅದರಾಚೆ ಗುಹೆ, ಗುಹೆಯೊಳಗೆ ಜಲಪಾತ. ನೀರು ಏರಿದ್ದರೆ ಬಿರುಕಿನಲ್ಲಿ ಉಸಿರಾಡಲು ಜಾಗ ಉಳಿಯದು, ಅಲ್ಲಿಂದಲೇ ಹಿಂತಿರುಗಿ. ಒಳಗಿನ ಹಗ್ಗ ಹತ್ತಿ ಧುಮುಕುವ ಹುಚ್ಚು ಬೇಡ, ಅರೆಗತ್ತಲಲ್ಲಿ ಅಡಿಯ ಕಲ್ಲು ಕಾಣುವುದಿಲ್ಲ.

ಈಜು ಬಂದರೂ ಲೈಫ್ ಜಾಕೆಟ್ ಒಯ್ಯಿರಿ. ಮರಳುವಾಗ ಕೈ ಸೋತಿರುತ್ತದೆ. ಹವಾಯಿ ಚಪ್ಪಲಿ ನೀರಲ್ಲಿ ಕಳಚಿ ತೇಲುತ್ತದೆ, ಸವೆದ ಸುಣ್ಣಕಲ್ಲಿನ ಮೇಲೆ ಜಾರುತ್ತದೆ. ರಬ್ಬರ್ ಅಡಿಯ, ಬೆರಳು ಮುಚ್ಚುವ ಶೂ ಬೇಕು. ಮೊಬೈಲಿಗೆ ನೀರು ಹೋಗದ ಚೀಲ, ತಲೆಗೆ 2 ಲೀಟರ್ ಕುಡಿಯುವ ನೀರು. ತೋಳು, ಮಂಡಿ ಮುಚ್ಚುವ ಬಟ್ಟೆಯಿರಲಿ, ಲುಂಗಿ ಮಾತ್ರ ಬೇಡ. ಒದ್ದೆಯಾದರೆ ಕಾಲಿಗೆ ಸುತ್ತಿಕೊಳ್ಳುತ್ತದೆ.

ನಿಜವಾದ ಅಪಾಯ ಮಳೆಯದು. ನಮ್ಮ ಮುರಕಲ್ಲು ನೀರು ಕುಡಿಯುತ್ತದೆ. ಹಜರ್ ಬೆಟ್ಟದ ಬೋಳು ಬಂಡೆ ಕುಡಿಯುವುದಿಲ್ಲ, ಬಿದ್ದದ್ದೆಲ್ಲ ಒಟ್ಟಿಗೆ ವಾದಿಗೆ ನುಗ್ಗುತ್ತದೆ. ತಲೆಯ ಮೇಲೆ ಬಿಸಿಲಿದ್ದರೂ ಬೆಟ್ಟದಲ್ಲಿ ಕಾರ್ಮೋಡವಿದ್ದರೆ ಹೊರಡಲೇಬೇಡಿ. ನೀರು ಕದಡಿತೆಂದರೆ ಸಾಮಾನು ಬಿಟ್ಟು ಎತ್ತರಕ್ಕೆ ಹತ್ತಿ.

ಮಕ್ಕಳು, ಮಂಡಿನೋವಿನ ಹಿರಿಯರು ಜೊತೆಗಿದ್ದರೆ ವಾದಿ ಬನಿ ಖಾಲಿದ್ ವಾಸಿ. ಮಸ್ಕತ್‌ನಿಂದ ಸುಮಾರು 200 ಕಿ.ಮೀ., ಮರಳುಗಾಡಿನ ಕಡೆಗೆ. ದೊಡ್ಡ ಕೊಳಕ್ಕೆ ಕಾರಿನಿಂದ ಸ್ವಲ್ಪವೇ ನಡಿಗೆ, ದಡದಲ್ಲೇ ಹೋಟೆಲು, ವರ್ಷವಿಡೀ ನೀರು. ಕಾಲಿಟ್ಟರೆ ಮರಿಮೀನು ಕಚಗುಳಿ ಇಡುತ್ತವೆ. ಎತ್ತರದ ಜಲಪಾತ ಹುಡುಕಬೇಡಿ, ಇರುವುದು ಸಣ್ಣ ಧಾರೆಗಳು. ಎರಡೂ ಕಡೆ ಶುಕ್ರವಾರ, ಶನಿವಾರ ಜನಜಾತ್ರೆ. ಬೇರೆ ದಿನ ಬಿಡುವಿಲ್ಲದಿದ್ದರೆ ಬೆಳಿಗ್ಗೆ 8ರೊಳಗೆ ತಲುಪಿ.