ಮೂರು ಚೆಂಡಿನ ಸ್ಪೈರೋಮೀಟರ್: ಕೊಳ್ಳಿ, ಆದರೆ ಊದಬೇಡಿ

ಹೃದಯದ ಬೈಪಾಸ್ ಆಪರೇಷನ್ ಆದವರ ಮನೆಯಲ್ಲಿ, ಉಸಿರಾಟದ ವ್ಯಾಯಾಮಕ್ಕೆ ಕೊಡುವ ಈ ಪ್ಲಾಸ್ಟಿಕ್ ಡಬ್ಬಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೂರು ಕೊಳವೆ, ಮೂರು ಬಣ್ಣದ ಚೆಂಡು, ಒಂದು ಸುಕ್ಕುಸುಕ್ಕು ಪೈಪ್. ಅಪ್ಪನಿಗೆ ಆಪರೇಷನ್ ಆದ ಆಸ್ಪತ್ರೆಯ ಮೆಡಿಕಲ್‌ನಲ್ಲಿ 450 ರೂಪಾಯಿ ತಗೊಂಡರು. ಹಾಸನದ ಅಂಗಡಿಯಲ್ಲಿ ಅಂಥದ್ದೇ ಆಗ 250ಕ್ಕೆ ಸಿಗುತ್ತಿತ್ತು. ಆಪರೇಷನ್ ತಾರೀಕು ಮೊದಲೇ ಗೊತ್ತಿದ್ದರೆ ಡಾಕ್ಟರನ್ನು ಕೇಳಿ ಹೊರಗೇ ಕೊಂಡುಬಿಡಿ. ಆಪರೇಷನ್ ಗಾಯದ ನೋವು ಶುರುವಾಗುವ ಮುಂಚೆ ಅಭ್ಯಾಸವೂ ಆಗುತ್ತದೆ.

ದುಡ್ಡಿನ ವಿಷಯ ಬಿಡಿ. ಬಳಸುವುದು ಹೇಗೆ ಅಂತ ಬಿಡಿಸಿ ಹೇಳುವವರೇ ಇಲ್ಲ, ಅದು ದೊಡ್ಡ ತೊಂದರೆ. ಒಳಗಿನ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿ. ಅಪ್ಪ ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು, ಜೀವಮಾನವೆಲ್ಲ ಸೀಟಿ ಊದಿದ ಬಾಯಿ. ಪೈಪ್ ಬಾಯಿಗಿಟ್ಟ ತಕ್ಷಣ ಊದಿದರು. ಚೆಂಡು ಅಲುಗಾಡಲಿಲ್ಲ. "ಡಬ್ಬಿ ಕೆಟ್ಟೋಗಿದೆ ಕಣವ್ವ, ವಾಪಸ್ ಕೊಟ್ಟು ಬಾ" ಅಂದರು. ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿ ಹುಡುಗಿ ಬಂದು "ಎಳನೀರನ್ನ ಸ್ಟ್ರಾದಲ್ಲಿ ಎಳೀತೀರಲ್ಲ ತಾತ, ಹಂಗೆ ಎಳೀರಿ" ಅಂದ ಮೇಲೆ ಮೊದಲ ಚೆಂಡು ಎದ್ದಿತು.

ಇಷ್ಟೆಲ್ಲ ಯಾಕೆ ಅಂದರೆ, ಎದೆಮೂಳೆ ಸೀಳಿ ಸ್ಟೀಲ್ ತಂತಿಯಲ್ಲಿ ಕಟ್ಟಿರುತ್ತಾರೆ. ನೋವಿಗೆ ಹೆದರಿ ರೋಗಿ ಮೇಲುಮೇಲೆ ಉಸಿರಾಡುತ್ತಾರೆ. ಆಗ ಶ್ವಾಸಕೋಶದ ಕೆಳಭಾಗ ಸರಿಯಾಗಿ ಅರಳುವುದಿಲ್ಲ, ಕಫ ಕಟ್ಟುತ್ತದೆ, ನ್ಯುಮೋನಿಯಾಗೆ ದಾರಿಯಾಗುತ್ತದೆ.

ಕೊಳವೆಗಳ ಮೇಲೆ 600, 900, 1200 ಅಂತ ಬರೆದಿರುತ್ತದೆ. ಅದು ಸೆಕೆಂಡಿಗೆ ಎಷ್ಟು ಸಿಸಿ ಗಾಳಿ ಎಳೆದಿರಿ ಅನ್ನೋ ಲೆಕ್ಕ. ಅಂದರೆ ವೇಗ, ಒಳಗೆ ಹೋದ ಒಟ್ಟು ಗಾಳಿಯಲ್ಲ. ಈ ಡಬ್ಬಿಯ ನಿಜವಾದ ದೋಷ ಇದೇ. ಸರ್ರಂತ ಎಳೆದರೆ ಮೂರೂ ಚೆಂಡು ಟಕ್ಕಂತ ಮೇಲೆ ಹಾರಿ ಬೀಳುತ್ತವೆ, ನೋಡುವವರಿಗೆ ಖುಷಿ, ಎದೆಗೆ ಪ್ರಯೋಜನ ಕಡಿಮೆ. ಒಂದೇ ಚೆಂಡು ಏಳಲಿ, ಆದರೆ ಎರಡು ಮೂರು ಸೆಕೆಂಡ್ ಮೇಲೆ ನಿಲ್ಲಲಿ. ಇನ್ನೊಂದು, ಡಬ್ಬಿ ವಾಲಿಸಿದರೆ ಚೆಂಡು ಸುಲಭವಾಗಿ ಏಳುತ್ತದೆ. ಅಪ್ಪ ಇದನ್ನು ಯಾರೂ ಹೇಳಿಕೊಡದೆ ಕಲಿತರು! ಅಮ್ಮ ಎದುರಿಗೆ ಕೂತು "ನೆಟ್ಟಗೆ ಹಿಡೀರಿ, ನಿಮ್ಮ ಆಟ ಗೊತ್ತು" ಅನ್ನುತ್ತಿದ್ದರು.

ನಮಗೆ ಹೇಳಿದ್ದು ಎಚ್ಚರ ಇರುವಾಗ ಗಂಟೆಗೆ ಹತ್ತು ಸಲ. ಬಿಡುವಿಲ್ಲದೆ ಹತ್ತೂ ಮುಗಿಸಲು ಹೋದರೆ ತಲೆ ಸುತ್ತುತ್ತದೆ, ನಡುವೆ ಬಿಡುವು ಕೊಡಿ. ನೋವಿನ ಮಾತ್ರೆ ನುಂಗಿ ಅರ್ಧ ಗಂಟೆ ಆದ ಮೇಲೆ ಕೂರಿಸಿದರೆ ಅಪ್ಪ ಜಗಳ ಮಾಡುತ್ತಿರಲಿಲ್ಲ. ಮುಗಿದ ಮೇಲೆ ಕೆಮ್ಮು ಬಂದೇ ಬರುತ್ತದೆ, ಬರಲಿ. ಆಗ ದಿಂಬು ಎದೆಗೆ ಒತ್ತಿ ಹಿಡಿದುಕೊಳ್ಳಬೇಕು. ಆ ಗಟ್ಟಿ ಹತ್ತಿ ದಿಂಬು ಇಲ್ಲದಿದ್ದರೆ ಈ ಡಬ್ಬಿಯನ್ನು ಅಪ್ಪ ಮುಟ್ಟುತ್ತಲೂ ಇರಲಿಲ್ಲ ಅನ್ಸುತ್ತೆ.

ಹಾಗಂತ ಎಲ್ಲ ಇದರಿಂದಲೇ ಅಂದುಕೊಳ್ಳಬೇಡಿ. ಬೈಪಾಸ್ ರೋಗಿಗಳ ಬಗ್ಗೆ ಆದ ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2012ರ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಅಂತಾರಾಷ್ಟ್ರೀಯ ಸಂಸ್ಥೆ) ಪರಿಶೀಲನೆಯಲ್ಲಿ, ಫಿಸಿಯೋಥೆರಪಿಗಿಂತ ಇದು ಮೇಲು ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಎಬ್ಬಿಸಿ ನಡೆಸುವುದು, ಕೆಮ್ಮಿಸುವುದು ಇದ್ದೇ ಇದೆ. ಡಬ್ಬಿಯ ಲಾಭ ಏನಪ್ಪಾ ಅಂದರೆ, "ಆಳವಾಗಿ ಉಸಿರೆಳೀರಿ" ಅಂದರೆ ಕೇಳದ ಹಟಮಾರಿಗಳು ಚೆಂಡು ಎತ್ತಲು ಹಟ ಹಿಡಿಯುತ್ತಾರೆ. ನಮ್ಮ ಮನೆಯಲ್ಲಿ ಅದೇ ಕೆಲಸ ಮಾಡಿತು. ಬೆಳಗಿನ ಕಾಫಿಗೆ ಮುಂಚೆ ಎರಡನೇ ಚೆಂಡು ಎತ್ತದಿದ್ದರೆ ಅವರಿಗೇ ಸಮಾಧಾನ ಇರುತ್ತಿರಲಿಲ್ಲ.

ಬಾಯಿಗಿಡುವ ತುದಿಯನ್ನು ಸೋಪು ನೀರಲ್ಲಿ ತೊಳೆದು ಒಣಗಿಸಿ ಇಡಿ. ಮೊಮ್ಮಕ್ಕಳು ಆಟದ ಸಾಮಾನು ಅಂತ ಬಾಯಿಗಿಟ್ಟುಕೊಳ್ಳಲು ಕಾಯುತ್ತಿರುತ್ತಾರೆ, ಕೊಡಬೇಡಿ. ನಮ್ಮದರಲ್ಲಿ ಪೈಪ್ ಸೇರುವ ಜಾಗ ಬೇಗ ಸಡಿಲವಾಯಿತು. ಅಲ್ಲಿ ಗಾಳಿ ಸೋರಿದರೆ ಎಷ್ಟು ಎಳೆದರೂ ಚೆಂಡು ಏಳುವುದಿಲ್ಲ, ರೋಗಿಗೆ ಸುಮ್ನೆ ನಿರಾಸೆ. ನಿನ್ನೆ ಎರಡು ಎತ್ತಿದವರು ಇವತ್ತು ಒಂದನ್ನೂ ಎತ್ತದಿದ್ದರೆ ಮೊದಲು ಪೈಪ್ ನೋಡಿ. ಪೈಪ್ ಸರಿ ಇದ್ದು, ಜ್ವರವೋ ಏದುಸಿರೋ ಇದ್ದರೆ ತಡ ಮಾಡದೆ ಡಾಕ್ಟರಿಗೆ ಫೋನ್ ಮಾಡಿ.